ಉತ್ತರದ ಕೆರೆಗಳಿಗೆ

ಕಳೆದ ಮಾರ್ಗಶಿರ ಮಾಸದಲ್ಲಿ ಆನವಟ್ಟಿಯಿಂದ ಹಾನಗಲ್ಲಿಗೆ ಹೋಗುವ ರಸ್ತೆಯಲ್ಲಿ, ದೊಡ್ಡದೊಂದು ಹರಿಗೋಲನ್ನು ಬೆನ್ನಿನ ಮೇಲೆ ಬೋರಲಾಗಿ ಹೊತ್ತುಕೊಂಡು ಆಮೆಯಂತೆ ಸಾಗುತ್ತಿದ್ದ ಸಣ್ಣ ಲಾರಿಯೊಂದನ್ನು ವಾಚಕರಲ್ಲಿ ಯಾರಾದರೂ ಕಂಡು ನಕ್ಕಿದ್ದರೆ, ಅವರು ನಕ್ಕದ್ದು ನ್ಯಾಯವೇ ಸರಿ. ಅದರೊಳಗೆ ಚಾಲಕನ ಪಕ್ಕದಲ್ಲಿ, ಕಿವಿಗೆ ಮಫ್ಲರು ಸುತ್ತಿಕೊಂಡು, ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಯನ್ನು ಮಗುವಿನಂತೆ ತೊಡೆಯ ಮೇಲೆ ಅಪ್ಪಿಕೊಂಡು ಕುಳಿತಿದ್ದ ಮುದುಕನು ನಾನೇ. ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಕನ್ನಡವನ್ನೂ ಸಂಸ್ಕೃತವನ್ನೂ ಕಲಿಸಿ ನಿವೃತ್ತನಾದವನಿಗೆ ಈ ಸವಾರಿ ಹೇಗೆ ಒದಗಿತೆಂಬುದನ್ನು ಹೇಳುತ್ತೇನೆ.

ಸಂಸ್ಕೃತ ಓದಿದವರಿಗೆ ಉತ್ತರದ ಸರೋವರವೆಂದರೆ ಒಂದೇ, ಅದು ಮಾನಸ. ಹದಿನೇಳನೆಯ ವಯಸ್ಸಿನಲ್ಲಿ ಮೇಘದೂತವನ್ನು ಓದಿದಂದಿನಿಂದ ಒಂದಲ್ಲ ಒಂದು ದಿನ ಆ ಸರಸ್ಸನ್ನು ಕಣ್ಣಾರೆ ಕಾಣಬೇಕೆಂಬ ಹಂಬಲ ನನಗಿದ್ದಿತು. ದುಡ್ಡು ಕೂಡಿದಾಗ ಮಗಳ ಮದುವೆ ಬಂದಿತು. ಬಿಡುವು ದೊರೆಯುವ ಹೊತ್ತಿಗೆ ಯಾತ್ರೆಯೇ ನಿಂತುಹೋಗಿದ್ದಿತು. 2020ರಿಂದ ಐದು ವರ್ಷ ನಡೆಯದೆ ಇದ್ದ ಕೈಲಾಸ ಮಾನಸ ಯಾತ್ರೆ 2025ರ ಬೇಸಗೆಯಲ್ಲಿ ಮತ್ತೆ ಆರಂಭವಾದ ಸುದ್ದಿಯನ್ನು ಓದಿ ವೈದ್ಯರಲ್ಲಿಗೆ ಓಡಿದೆನು. ಅವರು ನನ್ನ ರಕ್ತದೊತ್ತಡವನ್ನು ಅಳೆದು, ನಂಬಿಕೆಯಾಗದೆ ಇನ್ನೊಮ್ಮೆ ಅಳೆದು, "ಮೇಷ್ಟ್ರೇ, ಆ ಸರೋವರ 4,500 ಮೀಟರಿಗೂ ಮೇಲೆ ಇದೆ. ನೀವು ಚಂದ್ರಗುತ್ತಿಯ ಗುಡ್ಡವನ್ನು ಹತ್ತಿ ಕ್ಷೇಮವಾಗಿ ಇಳಿದರೆ ಅಷ್ಟೇ ಸಾಕು" ಎಂದರು. ಮನೆಗೆ ಬಂದು ಮೇಘದೂತವನ್ನು ಕಪಾಟಿನಲ್ಲಿ ಒಳಗಡೆಗೆ ತಳ್ಳಿ, ಮುಂದುಗಡೆ ಪಂಚಾಂಗಗಳನ್ನು ಜೋಡಿಸಿಟ್ಟೆನು.

ಆ ದಿನಗಳಲ್ಲಿಯೇ ಅಮೆರಿಕಾದಲ್ಲಿರುವ ಮಗಳು ಒಂದು ಛಾಯಾಚಿತ್ರವನ್ನು ಮೊಬೈಲಿಗೆ ಕಳುಹಿಸಿದಳು. ಅವಳಿರುವ ಮಿನ್ನೆಸೋಟ ಸಂಸ್ಥಾನಕ್ಕೆ ಹತ್ತು ಸಾವಿರ ಸರೋವರಗಳ ನಾಡೆಂದು ಹೆಸರು. ಹಿಂದೊಂದು ಯುಗದಲ್ಲಿ ಬೆಟ್ಟದಷ್ಟು ದಪ್ಪನಾದ ಹಿಮರಾಶಿಗಳು ಸರಿದಾಡಿ ಬಂಡೆಯನ್ನು ಉಜ್ಜಿ ತೋಡಿದ ಗುಂಡಿಗಳೇ ಈಗ ಅಲ್ಲಿ ನೀರು ತುಂಬಿ ನಿಂತಿವೆಯಂತೆ. ಬೇಸಗೆ ಬಂದೊಡನೆ ಅಲ್ಲಿಯ ಜನ ಲಾರಿಯ ಬೆನ್ನಿನ ಮೇಲೆ ಒಂದು ಪುಟ್ಟ ಕೋಣೆಯನ್ನು ಕೂರಿಸಿ, ಅದರ ಮಾಡಿನ ಮೇಲೆ ಉದ್ದನೆಯ ದೋಣಿಯನ್ನು ಬಿಗಿದು, ಕೆನಡದ ಗಡಿಯ ಸರೋವರಗಳತ್ತ ಉತ್ತರಾಭಿಮುಖವಾಗಿ ಹೊರಡುತ್ತಾರೆ. ಆ ಗಡಿಯ ನೀರಿನ ಬಹುಭಾಗದಲ್ಲಿ ಯಂತ್ರದ ದೋಣಿ ಕೂಡದು. ಕೈಯಿಂದ ಹುಟ್ಟು ಹಾಕಿಯೇ ಹೋಗಬೇಕು. ಅಳಿಯನು ದೋಣಿಯ ಪಕ್ಕದಲ್ಲಿ ವಿಜಯಿಯಾದ ಸೇನಾಪತಿಯಂತೆ ನಿಂತಿದ್ದನು. ಈ ದೋಣಿಯ ಮೂಲರೂಪ ಅಲ್ಲಿಯ ಆದಿವಾಸಿಗಳದು. ಮರದ ತೆಳುವಾದ ಸೀಳುಗಳನ್ನು ಪಕ್ಕೆಲುಬಿನಂತೆ ಬಾಗಿಸಿ, ಭೂರ್ಜದ ತೊಗಟೆಯನ್ನು ಹೊದಿಸಿ, ಮರದ ಬೇರಿನಿಂದ ಹೊಲಿದು, ಸಂದುಗಳಿಗೆ ರಾಳವನ್ನು ಮೆತ್ತಿ ಅವರು ಅದನ್ನು ಕಟ್ಟುತ್ತಿದ್ದರು. ಕಾಳಿದಾಸನು ಪ್ರೇಮಪತ್ರ ಬರೆಯಿಸಿದ ಭೂರ್ಜಪತ್ರದ ಜಾತಿಯ ಮರದಿಂದಲೇ ಭೂಮಿಯ ಇನ್ನೊಂದು ಬದಿಯಲ್ಲಿ ದೋಣಿ ಕಟ್ಟಿದರೆಂಬುದು ನನಗೆ ಬಹಳ ಸೊಗಸಾಗಿ ಕಂಡಿತು.

ಈ ಚಿತ್ರವನ್ನು ನಾನು ನೋಡುತ್ತ ಕುಳಿತಿರುವಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಜಗಲಿಗೆ ಬಂದನು. ಅವನು ಗಂಗಾಮತಸ್ಥರ ಮನೆಯವನು. ಊರೂರಿನ ಕೆರೆಗಳಲ್ಲಿ ಮೀನು ಹಿಡಿಯುವ ಗುತ್ತಿಗೆ, ಮರಿಗಳನ್ನು ತಂದು ಬಿಡುವುದು, ಹಿಡಿದುದನ್ನು ಮಾರುವುದು, ಇದು ಅವನ ವ್ಯವಹಾರ. ಗುತ್ತಿಗೆಯ ಅರ್ಜಿಗಳನ್ನು ತಿದ್ದಿಸಿಕೊಳ್ಳುವುದಕ್ಕಾಗಿ ವರ್ಷಕ್ಕೆ ಎರಡು ಮೂರು ಸಲ ನನ್ನಲ್ಲಿಗೆ ಬರುತ್ತಾನೆ. ಬಂದಾಗ ಜಗಲಿಯ ಅಂಚಿನಲ್ಲಿಯೇ ಕುಳಿತುಕೊಳ್ಳುತ್ತಾನೆ. ಚಿತ್ರವನ್ನು ತೋರಿಸಿದೆನು. ಅವನು ಅದನ್ನು ಹತ್ತಿರ ಹಿಡಿದು ನೋಡಿ, "ಇದೇನು ಮೇಷ್ಟ್ರೇ! ನಮ್ಮ ಗಾಡಿಯನ್ನು ಅಮೆರಿಕಾಕ್ಕೆ ಯಾರು ಒಯ್ದರು?" ಎಂದನು.

ಅವನ ಮಾತು ಸುಳ್ಳಲ್ಲ. ಅವನ ಸರಕಿನ ಗಾಡಿಯ ಹಿಂಭಾಗಕ್ಕೆ ಕಬ್ಬಿಣದ ಕಮಾನುಗಳನ್ನು ಕೂರಿಸಿ ಟಾರ್ಪಾಲು ಹೊದಿಸಿದೆ. ಒಳಗೆ ಹಲಗೆಯ ಮಂಚ, ಮಂಚದ ಕೆಳಗೆ ಮೀನಿನ ಪೆಟ್ಟಿಗೆಗಳು ಮತ್ತು ಬಲೆ, ಮೂಲೆಯಲ್ಲಿ ಸಣ್ಣ ಸಿಲಿಂಡರಿನ ಒಲೆ, ಒಂದು ಕೊಡ, ಒಂದು ಲಾಂದ್ರ. ನಾನು ಹುಡುಗನಾಗಿದ್ದಾಗ ಅಜ್ಜನ ಜೊತೆಯಲ್ಲಿ ಬನವಾಸಿಯ ತೇರಿಗೆ ಹೋಗುತ್ತಿದ್ದ ಕಮಾನುಗಾಡಿಗೆ ಎತ್ತುಗಳ ಬದಲು ಯಂತ್ರವನ್ನು ಹೂಡಿದರೆ ಹೇಗೋ ಹಾಗೆ. ಮಾಡಿನ ಮೇಲೆ ಹರಿಗೋಲು. ದೂರದ ಕೆರೆಗಳಿಗೆ ಹೋದಾಗ ಅವನು ದಿನಗಟ್ಟಲೆ ಅದರಲ್ಲಿಯೇ ಸಂಸಾರ ಮಾಡುವನು. "ಬರುವ ತಿಂಗಳು ಹಾನಗಲ್ಲು, ಹಾವೇರಿ ಕಡೆಗೆ ಹೊರಟಿದ್ದೇನೆ, ಬಾಕಿ ವಸೂಲಿಗೆ. ಕೈಲಾಸಕ್ಕೆ ಹೋಗುವುದಾಗಲಿಲ್ಲವೆಂದು ಕೇಳಿದೆ. ನನ್ನ ಜೊತೆ ಬನ್ನಿ. ಲಕ್ಷ್ಮೇಶ್ವರದ ಆಚೆ ಒಂದು ಕೆರೆಯನ್ನು ತೋರಿಸಬೇಕು ನಿಮಗೆ" ಎಂದನು. ಯಾವ ಕೆರೆ, ಅದರಲ್ಲೇನು ವಿಶೇಷ ಎಂದು ಕೇಳಿದರೆ, "ಬನ್ನಿ, ನೋಡುವಿರಂತೆ" ಎಂದಷ್ಟೇ ಹೇಳಿದನು.

ನನ್ನ ಮನೆಯಾಕೆ ಗಾಡಿಯ ಒಳಗೆ ಒಮ್ಮೆ ಇಣಿಕಿ ನೋಡಿ, ಸೆರಗನ್ನು ಮೂಗಿಗೆ ಹಿಡಿದುಕೊಂಡು ಹಿಂದಕ್ಕೆ ಬಂದಳು. "ಅಲ್ಲಿ ಹೇಗೆ ಮಲಗುವಿರಿ? ಅಲ್ಲಿ ಹೇಗೆ ಉಣ್ಣುವಿರಿ?" ಎಂದಳು. ಒಂದು ದಿನ ಕಳೆದರೆ ಮೂಗಿಗೆ ಅಭ್ಯಾಸವಾಗುವುದೆಂದು ನಾನು ದೊಡ್ಡದಾಗಿ ಹೇಳಿದೆನು. ಅವಳು ಅವಲಕ್ಕಿ, ಚಟ್ನಿಪುಡಿ, ತೊಡದೇವು, ಮೇಲೆ ಹೇಳಿದ ಉಪ್ಪಿನಕಾಯಿ ಇವನ್ನೆಲ್ಲ ಕಟ್ಟಿಕೊಟ್ಟು, ಕಾಡಿನ ಅಂಚಿನಲ್ಲಿ ಗಾಡಿ ನಿಲ್ಲಿಸಿದರೆ ಕೈಕಾಲಿಗೆ ಹಚ್ಚಿಕೊಳ್ಳಬೇಕೆಂದು ಡೇಪಾ ಎಣ್ಣೆಯ ಸೀಸೆಯನ್ನೂ ಕೊಟ್ಟಳು. ಉಣುಗು ಕಚ್ಚುವ ಕಾಲ ಆರಂಭವಾಗುತ್ತಿದ್ದಿತು.

ಈ ಉಣುಗಿನ ವಿಷಯದಲ್ಲಿ ಒಂದು ಮಾತು. ನಮ್ಮ ಊರಿನ ಹೆಸರು ಲೋಕದ ವೈದ್ಯಗ್ರಂಥಗಳಲ್ಲೆಲ್ಲ ಇದೆ. ಆದರೆ ಇರಬೇಕಾದ ರೀತಿಯಲ್ಲಿಲ್ಲ. 1957ರಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು ಬಿದ್ದವು. ಸುತ್ತಲ ಹಳ್ಳಿಗಳವರು ಜ್ವರ ಬಂದು ಮಲಗಿದರು. ಪುಣೆಯ ಸಂಶೋಧನಾಲಯದವರು ಬಂದು, ಉಣುಗಿನ ಮೂಲಕ ಹರಡುವ ಹೊಸ ರೋಗಾಣುವೊಂದನ್ನು ಗುರುತಿಸಿ, ಅದಕ್ಕೆ ನಮ್ಮ ಊರಿನ ಹೆಸರನ್ನೇ ಇಟ್ಟರು. ಜನ ಅದನ್ನು ಮಂಗನ ಕಾಯಿಲೆ ಎನ್ನುತ್ತಾರೆ. ಹಾನಗಲ್ಲಿನ ಆಚೆ ಮೊದಲನೆಯ ರಾತ್ರಿ ತಂಗಿದ ಹಳ್ಳಿಯಲ್ಲಿ ಒಬ್ಬ ಹಿರಿಯರು ಬಂದು ಏರಿಯ ಮೇಲೆ ನನ್ನ ಪಕ್ಕದಲ್ಲಿ ಕುಳಿತು, "ಯಾವೂರಾಯಿತು?" ಎಂದು ಕೇಳಿದರು. ಕ್ಯಾಸನೂರು ಎಂದೆನು. ಅವರು ಮಾತನ್ನು ನಿಲ್ಲಿಸದೆಯೇ ಒಂದು ಮೊಳದಷ್ಟು ಆಚೆಗೆ ಸರಿದು ಕುಳಿತರು. ನನಗೆ ನಗುವೂ ಬಂದಿತು, ಸ್ವಲ್ಪ ನೋವೂ ಆಯಿತು. ಹತ್ತಿರ ಕುಳಿತವನಿಂದ ಒಬ್ಬನು ಹೀಗೆ ಸರಿದು ಕುಳಿತರೆ ಹೇಗಿರುವುದೆಂದು ಅರವತ್ತು ವರ್ಷಕ್ಕೆ ಮೊದಲ ಸಲ ತಿಳಿದೆನು.

ಆ ಹಳ್ಳಿಯ ಕೆರೆಯಲ್ಲಿಯೇ ನಾನು ಮೊದಲು ಹರಿಗೋಲನ್ನು ಹತ್ತಿದೆನು. ಹತ್ತಿದೆನೆಂಬುದು ಗೌರವದ ಮಾತು. ಅವನು ನನ್ನನ್ನು ಎರಡು ಕಂಕುಳಲ್ಲಿ ಕೈಹಾಕಿ ಎತ್ತಿ ಒಳಗಿಟ್ಟನು. ನನಗೆ ಈಜು ಬಾರದು. ನೀರಿಗೆ ಅಮರಕೋಶದಲ್ಲಿ ಎಷ್ಟು ಹೆಸರುಗಳಿವೆಯೋ ಅಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲೆನು. ತಡಾಗವೆಂದರೇನು, ಕಾಸಾರವೆಂದರೇನು, ಪಲ್ವಲಕ್ಕೂ ದೀರ್ಘಿಕೆಗೂ ಭೇದವೇನೆಂದು ವಾರಿವರ್ಗವನ್ನು ಬಿಡಿಸಿ ಹೇಳಬಲ್ಲೆನು. ಆದರೆ ಮೊಣಕಾಲಿಗಿಂತ ಹೆಚ್ಚಿನ ನೀರಿನಲ್ಲಿ ಅದುವರೆಗೆ ನಿಂತವನಲ್ಲ. ಹರಿಗೋಲು ನೆಲವನ್ನು ಬಿಟ್ಟೊಡನೆ, ಕಾಲಿನ ಕೆಳಗೆ ಬುಟ್ಟಿಯ ಹೆಣಿಗೆಯ ಮೂಲಕ ನೀರು ಉಸಿರಾಡುವಂತೆ ಏರಿ ಇಳಿಯುವುದು ತಿಳಿಯುತ್ತಿದ್ದಿತು. ನಾನು ಅಂಚನ್ನು ಎರಡು ಕೈಯಲ್ಲಿಯೂ ಹಿಡಿದು ಕಣ್ಣು ಮುಚ್ಚಿದೆನು.

ಹರಿಗೋಲೆಂದರೆ ದೊಡ್ಡ ಬುಟ್ಟಿಯೇ ಹೊರತು ಬೇರೆಯಲ್ಲ. ಬಿದಿರಿನ ಸೀಳುಗಳನ್ನು ಹೆಣೆದು, ಹಿಂದಿನ ಕಾಲದಲ್ಲಿ ಹೊರಗಡೆ ಚರ್ಮವನ್ನು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ಕಿನ ಹಾಳೆ ಹೊದಿಸಿ ಡಾಂಬರನ್ನು ಬಳಿಯುತ್ತಾರೆ. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯಸನು, ಬುಟ್ಟಿಯಂತೆ ದುಂಡಗಿದ್ದು ಹೊರಗಡೆ ಚರ್ಮ ಹೊದಿಸಿದ ದೋಣಿಗಳಲ್ಲಿ ಜನ ಹೊಳೆ ದಾಟುವುದನ್ನು ಕಂಡು ಬರೆದಿಟ್ಟಿದ್ದಾನೆ. ಪಕ್ಕೆಲುಬು, ಮೇಲೊಂದು ತೊಗಲು, ಸಂದಿಗೆ ಅಂಟು: ಮಿನ್ನೆಸೋಟದ ತೊಗಟೆಯ ದೋಣಿಗೂ ಇದಕ್ಕೂ ಕಟ್ಟುವ ಯುಕ್ತಿ ಒಂದೇ. ಅದು ಉದ್ದ, ಇದು ದುಂಡು, ಅಷ್ಟೇ ವ್ಯತ್ಯಾಸ. ಆದರೆ ಆ ದುಂಡುತನವೇ ದೊಡ್ಡ ತೊಡಕು. ಉದ್ದನೆಯ ದೋಣಿಗೆ ಮುಂದು ಹಿಂದು ಇದೆ, ಹರಿಗೋಲಿಗೆ ಇಲ್ಲ. ಪಕ್ಕದಲ್ಲಿ ಹುಟ್ಟು ಹಾಕಿದರೆ ಅದು ಮುಂದಕ್ಕೆ ಹೋಗುವುದಿಲ್ಲ, ಬುಗುರಿಯಂತೆ ತಿರುಗುತ್ತದೆ. ಹೋಗಬೇಕಾದ ದಿಕ್ಕಿಗೆ ಮುಖಮಾಡಿ ನಿಂತು, ಮುಂದಿನ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು. ಅವನು ಹಾಗೆ ಎಳೆಯುತ್ತ, ನೀರಿನ ಆಳವನ್ನು ಹುಟ್ಟಿಗೆ ತಗಲುವ ಭಾರದಿಂದಲೇ ತಿಳಿದು ಹೇಳುತ್ತಿದ್ದನು. "ಇಲ್ಲಿ ಹಳೆಯ ಹಳ್ಳದ ದಾರಿ, ಇಲ್ಲಿ ಹೂಳು, ಇದು ತೂಬಿನ ಮುಂದಿನ ಗುಂಡಿ, ದೊಡ್ಡ ಮೀನು ಬೇಸಗೆಯಲ್ಲಿ ಇಲ್ಲಿಗೆ ಬಂದು ಸೇರುತ್ತದೆ." ಕಣ್ಣು ತೆರೆದು ನೋಡಿದರೆ ನನಗೆ ಎಲ್ಲಾ ಕಡೆಯಲ್ಲಿಯೂ ಒಂದೇ ನೀರು.

ಸಂಜೆಯ ಹೊತ್ತಿಗೆ ಅಂಜಿಕೆ ಸ್ವಲ್ಪ ಇಳಿದು ನನಗೆ ಮಾತು ಬಂದಿತು. ಉಪಾಧ್ಯಾಯನಿಗೆ ಮಾತು ಬಂದರೆ ಪಾಠವೇ ಬರುವುದಷ್ಟೆ. ನಮ್ಮ ನೆರೆಯ ಶಿಕಾರಿಪುರದ ತಾಳಗುಂದದಲ್ಲಿರುವ ಕಂಬದ ಶಾಸನದ ಕಥೆಯನ್ನು ಹೇಳಿದೆನು. ಮಯೂರಶರ್ಮನು ರಾಜ್ಯ ಕಟ್ಟಿದ ಕಥೆ ನಮಗೆ ತಿಳಿದುಬಂದಿರುವುದು ಆ ಶಾಸನದಿಂದ. ಆದರೆ ಅದು ಹುಟ್ಟಿದ್ದು ರಾಜನ ಪರಾಕ್ರಮವನ್ನು ಹೇಳುವುದಕ್ಕಾಗಿ ಅಲ್ಲ, ಒಂದು ಕೆರೆಗಾಗಿ. ಕಾಕುತ್ಸ್ಥವರ್ಮನು ಅಲ್ಲಿಯ ಶಿವಾಲಯದ ಬಳಿ ಒಂದು ದೊಡ್ಡ ತಟಾಕವನ್ನು ಮಾಡಿಸಿದನು. ಅವನ ಮಗ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ಅದನ್ನು ಸಂಸ್ಕೃತ ಪದ್ಯಗಳಲ್ಲಿ ಬರೆದು ಕಲ್ಲಿಗೆ ಹತ್ತಿಸಿದನು. ಐದನೆಯ ಶತಮಾನದ ಸಂಗತಿ. ನನ್ನ ಶಿಷ್ಯನು ಶ್ರದ್ಧೆಯಿಂದ ಕೇಳಿ, "ಕಟ್ಟಿಸಿದವರ ಹೆಸರಿದೆ, ಬರೆದವರ ಹೆಸರಿದೆ. ಮಣ್ಣು ಹೊತ್ತವರದು ಇದೆಯೇ?" ಎಂದನು. ಇಲ್ಲವೆಂದೆನು. ಅವನು ಅದಕ್ಕೇನೂ ಹೇಳಲಿಲ್ಲ.

ಎರಡನೆಯ ದಿನ ಹಾವೇರಿಯ ಹೆಗ್ಗೇರಿಯನ್ನು ದೂರದಿಂದ ನೋಡಿ, ಸವಣೂರಿನಲ್ಲಿ ಆನೆಯ ಕಾಲಿನಂತಹ ದೊಡ್ಡಹುಣಸೆಯ ಮರಗಳ ಕೆಳಗೆ ಅವಲಕ್ಕಿ ತಿಂದು, ಖಾರವನ್ನು ಕೊಂಡುಕೊಂಡು ಮುಂದೆ ನಡೆದೆವು. ಅವನ ವಸೂಲಿ ಎಲ್ಲಿಯೂ ಪೂರ್ತಿಯಾಗಿ ಆಗಲಿಲ್ಲ. ಎಲ್ಲರೂ ಚಹ ಕೊಟ್ಟರು, ಅರ್ಧ ದುಡ್ಡು ಕೊಟ್ಟರು. ಸವಣೂರು ದಾಟಿದ ಮೇಲೆ ನೆಲವೇ ಬೇರೆಯಾಯಿತು. ನಮ್ಮ ಕಡೆಯ ಕೆಂಪು ಮಣ್ಣು, ಅಡಕೆಯ ತೋಟ, ಗುಡ್ಡದ ಸೆರಗು ಎಲ್ಲವೂ ಮರೆಯಾಗಿ, ಕಪ್ಪು ಎರೆಭೂಮಿ ಆಕಾಶದ ಅಂಚಿನವರೆಗೂ ಚಾಪೆಯಂತೆ ಹಾಸಿದ್ದಿತು. ಕಡಲೆಯ ಹೊಲಗಳು ಆಗ ತಾನೇ ಹಸುರಾಗುತ್ತಿದ್ದವು. ಲಕ್ಷ್ಮೇಶ್ವರವನ್ನು ದಾಟಿ ಶಿರಹಟ್ಟಿ ತಾಲ್ಲೂಕಿನ ಮಾಗಡಿಯನ್ನು ಸೇರಿದಾಗ ಕತ್ತಲಾಗಿದ್ದಿತು. ಊರಿನ ಹೊರಗೆ ಗಾಡಿ ನಿಲ್ಲಿಸಿ ಮಲಗಿದೆವು. ಮೂಗಿಗೆ ಅಭ್ಯಾಸವಾಗಿದ್ದಿತೋ ಏನೋ, ಪೆಟ್ಟಿಗೆಗಳ ಮೇಲೆಯೇ ನನಗೆ ಗಾಢ ನಿದ್ರೆ ಬಂದಿತು.

ಬೆಳಗಿನ ಜಾವದಲ್ಲಿ ಅವನು ಎಬ್ಬಿಸಿದನು. "ಹರಿಗೋಲನ್ನು ಇಳಿಸೋಣವೇ?" ಎಂದು ನಾನು ಕೇಳಿದುದಕ್ಕೆ, "ಈ ಕೆರೆಗೆ ಹರಿಗೋಲು ಇಳಿಸುವ ಹಾಗಿಲ್ಲ ಮೇಷ್ಟ್ರೇ. ಸುಮ್ಮನೆ ಕುಳಿತು ನೋಡುವುದು" ಎಂದನು. ಇದು ಸುಮಾರು 50 ಹೆಕ್ಟೇರಿನ ಕೆರೆ. ಹಿಂದಿನವರು ಮಳೆಯ ನೀರನ್ನು ಹಿಡಿದು ವ್ಯವಸಾಯಕ್ಕೆ ಬಿಡುವುದಕ್ಕೆಂದು ಕಟ್ಟಿದುದು. ಈಗ ಸರ್ಕಾರದ ಸಂರಕ್ಷಣೆಯಲ್ಲಿದೆ. ಲೋಕದ ಮಹತ್ತ್ವದ ಜಲಭೂಮಿಗಳ ರಾಮ್ಸರ್ ಪಟ್ಟಿಗೂ ಸೇರಿದೆ. ಏರಿಯ ಮೇಲೆ ಶಾಲನ್ನು ಹೊದ್ದು ಕುಳಿತೆವು. ಮಂಜಿನಲ್ಲಿ ಕೆರೆ ಕಾಣುತ್ತಿರಲಿಲ್ಲ. ಮೊದಲು ಧ್ವನಿ ಕೇಳಿಸಿತು. ದೂರದ ಹೊಲಗಳ ಮೇಲಿನಿಂದ, ಮೂಗಿನಲ್ಲಿ ಕೂಗಿದಂತೆ, ಒಂದಕ್ಕೊಂದು ಉತ್ತರ ಕೊಡುತ್ತ ಬರುತ್ತಿದ್ದ ನೂರಾರು ಕಂಠಗಳು. ಬಳಿಕ ಒಂದು ಗೆರೆ, ಇನ್ನೊಂದು ಗೆರೆ, ಬಾಣದ ಮೊನೆಯಂತೆ ಬಾಗಿದ ಸಾಲುಗಳು ಮಂಜಿನಿಂದ ಹೊರಬಿದ್ದು, ನಮ್ಮ ತಲೆಯ ಮೇಲೆಯೇ ಹಾದು, ಕಾಲುಗಳನ್ನು ಮುಂದಕ್ಕೆ ಚಾಚಿ ನೀರಿನ ಮೇಲೆ ಇಳಿದವು. ರಾತ್ರಿಯೆಲ್ಲ ಹೊಲದಲ್ಲಿ ಮೇಯ್ದು ಹಗಲು ಕೆರೆಗೆ ಬಂದು ವಿಶ್ರಮಿಸುವುದು ಅವುಗಳ ಕ್ರಮ. ಬಿಸಿಲೇರಿದ ಮೇಲೆ ಸ್ಪಷ್ಟವಾಗಿ ಕಂಡವು. ಬೂದಿಯ ಬಣ್ಣದ ಮೈ, ಹಳದಿಯ ಕೊಕ್ಕು, ಹಳದಿಯ ಕಾಲು, ಬಿಳಿಯ ತಲೆ.

"ಮೇಷ್ಟ್ರೇ," ಎಂದನು ಅವನು, "ತಲೆಯ ಹಿಂದೆ ಗೀರು ಎಷ್ಟಿವೆ, ಎಣಿಸಿ."

ಎಣಿಸಿದೆನು. ಎರಡು. ಬಿಳಿಯ ತಲೆಯ ಮೇಲೆ ಒಂದರ ಕೆಳಗೊಂದು ಎರಡು ಕಪ್ಪು ಗೀರುಗಳು. ಎಣಿಸುತ್ತಿದ್ದಂತೆಯೇ ಎದೆಯೊಳಗೆ ಏನೋ ಕುಸಿಯಿತು.

ಮೂವತ್ತು ವರ್ಷದ ಹಿಂದಿನ ಮಾತು. ಒಂಬತ್ತನೆಯ ತರಗತಿಯಲ್ಲಿ ಹಂಸದ ವಿಷಯ ಬಂದಿದ್ದಿತು. ಮಳೆಗಾಲ ಬಂದೊಡನೆ ರಾಜಹಂಸಗಳು ಉತ್ತರದಲ್ಲಿರುವ ಮಾನಸ ಸರೋವರಕ್ಕೆ ಹೊರಡುವುವೆಂದೂ, ಹಾಲನ್ನೂ ನೀರನ್ನೂ ಬೇರ್ಪಡಿಸುವುವೆಂದೂ, ಹಾಲಿನಂತೆ ಬೆಳ್ಳಗಿರುವುವೆಂದೂ ನಾನು ಬಹಳ ರಸವತ್ತಾಗಿ ವರ್ಣಿಸುತ್ತಿದ್ದೆನು. ಮುಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು, "ಸಾರ್, ಆ ಹಕ್ಕಿ ಲಕ್ಷ್ಮೇಶ್ವರದ ಕಡೆಯ ಕೆರೆಗೆ ಚಳಿಗಾಲದಲ್ಲಿ ಬರುತ್ತದೆ. ನಮ್ಮಪ್ಪ ಕಂಡಿದ್ದಾರೆ. ಬಿಳಿ ಅಲ್ಲ, ಬೂದಿ. ತಲೆಯ ಮೇಲೆ ಎರಡು ಕಪ್ಪು ಗೀರು ಇವೆ" ಎಂದನು. ತರಗತಿ ನಕ್ಕಿತು. ಪಾಠದ ರಸ ಕೆಟ್ಟಿತೆಂದು ನನಗೆ ಸಿಟ್ಟು ಬಂದಿತು. ಕೆರೆಯ ಬಾತುಕೋಳಿಯನ್ನು ಕಂಡು ಹಂಸವೆನ್ನುತ್ತೀಯಾ ಎಂದು ಗದರಿಸಿದೆನು. ಅಷ್ಟಕ್ಕೇ ನಿಲ್ಲಿಸಿದ್ದರೆ ಅಜ್ಞಾನವೊಂದೇ ನನ್ನ ತಪ್ಪಾಗುತ್ತಿದ್ದಿತು. ನಿಲ್ಲಿಸಲಿಲ್ಲ. "ಮುಂದೆ ಕುಳಿತರೆ ಮೀನಿನ ವಾಸನೆ ಬರುತ್ತದೆ, ಹಿಂದಿನ ಬೆಂಚಿಗೆ ಹೋಗು" ಎಂದೆನು. ಹುಡುಗರು ಇನ್ನೂ ಜೋರಾಗಿ ನಕ್ಕರು. ಅವನು ಪುಸ್ತಕವನ್ನೆತ್ತಿಕೊಂಡು ಹಿಂದಕ್ಕೆ ಹೋದನು. ಆ ವರ್ಷದ ಕೊನೆಗೆ ಶಾಲೆಯನ್ನೂ ಬಿಟ್ಟನು. ನಾನು ಇದನ್ನು ಎಷ್ಟು ಪೂರ್ಣವಾಗಿ ಮರೆತಿದ್ದೆನೆಂದರೆ, ಅವನು ಅರ್ಜಿಗಳನ್ನು ಹಿಡಿದು ನಮ್ಮ ಜಗಲಿಗೆ ಬಂದಾಗಲೆಲ್ಲ, ಹಳೆಯ ಶಿಷ್ಯನಿಗೆ ನನ್ನ ಮೇಲೆ ಎಷ್ಟು ಗೌರವವೆಂದು ಹಿಗ್ಗುತ್ತಿದ್ದೆನು. ಅವನು ಜಗಲಿಯ ಅಂಚಿನಲ್ಲಿಯೇ ಏಕೆ ಕುಳಿತುಕೊಳ್ಳುವನೆಂದು ಒಮ್ಮೆಯೂ ಯೋಚಿಸಲಿಲ್ಲ.

ಈಗ ನನಗೆ ತಿಳಿದಿರುವುದನ್ನು ಹೇಳಿಬಿಡುತ್ತೇನೆ. ಈ ಪಟ್ಟೆತಲೆಯ ಹೆಬ್ಬಾತು ಮೊಟ್ಟೆಯಿಟ್ಟು ಮರಿಮಾಡುವುದು ಲಡಾಖ, ಟಿಬೆಟ್, ಮಂಗೋಲಿಯಗಳ ಎತ್ತರದ ಸರೋವರಗಳ ತೀರದಲ್ಲಿ. ಚಳಿಗಾಲಕ್ಕೆ ಮುಂಚೆ ಅದು ಹಿಮಾಲಯವನ್ನು ಹಾರಿ ದಾಟಿ ನಮ್ಮ ದೇಶಕ್ಕೆ ಬರುತ್ತದೆ. ಯಂತ್ರಗಳನ್ನು ಕಟ್ಟಿ ಪರೀಕ್ಷಿಸಿದಾಗ 7,000 ಮೀಟರಿಗೂ ಮೇಲೆ ಹಾರಿದುದು ಕಂಡುಬಂದಿದೆ. ಮಂಗೋಲಿಯದಲ್ಲಿ ಕೊರಳಿಗೆ ಪಟ್ಟಿಕಟ್ಟಿ ಬಿಟ್ಟ ಹಕ್ಕಿಗಳು ಮೈಸೂರಿನ ಹತ್ತಿರದ ಹದಿನಾರು ಕೆರೆಯಲ್ಲಿ ಸಿಕ್ಕಿವೆ. ನಮ್ಮ ಕಾವ್ಯಗಳ ಹಂಸವು ಈ ಜಾತಿಯ ಹೆಬ್ಬಾತೇ ಎಂದು ಫೋಗಲ್ ಎಂಬ ವಿದ್ವಾಂಸರು ವಿಚಾರಮಾಡಿದ್ದಾರೆ. ಪಂಡಿತನ ಚಪಲದಿಂದ ಒಂದು ಭೇದವನ್ನು ಹೇಳದೆ ಇರಲಾರೆ: ಕಾಳಿದಾಸನ ಹಂಸಗಳು ಆಷಾಢದ ಮೇಘದ ಜೊತೆಗೆ ಹೊರಡುತ್ತವೆ, ಮಾಗಡಿಯವು ಶಿವರಾತ್ರಿಯ ಆಸುಪಾಸಿನಲ್ಲಿಯೇ ಹೊರಟುಬಿಡುತ್ತವೆ. ಹಾಲುನೀರಿನ ವಿಷಯವೂ ಇವಕ್ಕೆ ತಿಳಿಯದು. ಇವು ಬೇರ್ಪಡಿಸುವುದು ಕಡಲೆಯ ಎಳೆಯ ಚಿಗುರನ್ನು ಮಣ್ಣಿನಿಂದ. ಹೊಲದ ಯಜಮಾನನೊಬ್ಬನು ದಾರಿಯಲ್ಲಿ ಸಿಕ್ಕಿ, "ದೂರದಿಂದ ಬಂದ ಬೀಗರು; ಉಂಡು ಹೋಗುತ್ತಾವೆ, ಏನು ಮಾಡೋದು" ಎಂದು ನಗುತ್ತಲೇ ದೂರು ಹೇಳಿದನು.

ಏರಿಯ ಮೇಲೆ ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಕಡೆಗೆ ನಾನು, "ನಿಮ್ಮಪ್ಪ ಹೇಳಿದ್ದು ಸರಿಯಾಗಿತ್ತು" ಎಂದೆನು.

"ಹೌದು" ಎಂದನು.

"ನನ್ನ ಮಾತಿನಿಂದ ನೀನು ಶಾಲೆ ಬಿಟ್ಟೆಯಾ?"

ಅವನು ಯೋಚಿಸಿದನು. "ಇಲ್ಲ ಮೇಷ್ಟ್ರೇ. ಆ ವರ್ಷ ಅಪ್ಪ ಕಾಹಿಲೆ ಬಿದ್ದರು. ಬಲೆ ಬೀಸುವವರು ಬೇರೆ ಯಾರೂ ಇರಲಿಲ್ಲ. ಅದಕ್ಕೆ ಬಿಟ್ಟೆ." ಸ್ವಲ್ಪ ಹೊತ್ತಿನ ಮೇಲೆ ಹೇಳಿದನು: "ಆದರೆ ಮುಂದಿನ ಬೆಂಚಿಗೆ ಮತ್ತೆ ಬಾರದೆ ಇದ್ದದ್ದು ನಿಮ್ಮ ಮಾತಿನಿಂದಲೇ."

ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸುಳ್ಳು ಸಮಾಧಾನವೂ ಇರಲಿಲ್ಲ. ತಪ್ಪಾಯಿತಪ್ಪಾ ಎಂದೆನು. ಆ ಮಾತು ನನ್ನ ಬಾಯಿಂದ ಹೊರಬರುವುದಕ್ಕೆ ಇಷ್ಟು ದೂರ ಬರಬೇಕಾಯಿತು. ಅವನು ಕೆರೆಯ ಕಡೆಗೆ ನೋಡುತ್ತಲೇ, "ಅಪ್ಪನಿಗೆ ಇದನ್ನು ನಿಮಗೆ ತೋರಿಸಬೇಕೆಂದು ಆಸೆಯಿತ್ತು. ಹುಡುಗ ಸುಳ್ಳು ಹೇಳಿದನೆಂದು ಮೇಷ್ಟ್ರು ತಿಳಿದುಕೊಂಡರಲ್ಲಾ ಎಂದು ಕೊನೆಯವರೆಗೂ ಅನ್ನುತ್ತಿದ್ದರು" ಎಂದನು. ತಂದೆ ತೀರಿಕೊಂಡು ಎಷ್ಟು ವರ್ಷವಾಯಿತೆಂದು ಕೇಳಿದೆನು. ಹನ್ನೊಂದು ಎಂದನು. ಅವರು ಕ್ಯಾಸನೂರಿನಲ್ಲಿ ನನ್ನ ಎದುರಿಗೆ ನೂರಾರು ಸಲ ಹಾದುಹೋಗಿದ್ದರು, ಕೈಮುಗಿದಿದ್ದರು. ಒಂದು ದಿನವೂ ಈ ಮಾತನ್ನು ಆಡಿರಲಿಲ್ಲ.

ಹಿಂದಿರುಗುವ ದಾರಿಯಲ್ಲಿ ಒಂದು ಸಂಗತಿ ನನ್ನ ಗಮನಕ್ಕೆ ಬಂದಿತು. ಎರಡು ದಿನದಿಂದ ಈ ಮೀನಿನ ವ್ಯಾಪಾರಿ ನನ್ನ ಜೊತೆಯಲ್ಲಿ ಅವಲಕ್ಕಿಯನ್ನೂ ಚಟ್ನಿಪುಡಿಯನ್ನೂ ತಿನ್ನುತ್ತಿದ್ದನು. ಗಾಡಿಯಲ್ಲಿ ಒಲೆಯಿದ್ದರೂ ಅದನ್ನು ನನ್ನ ಕಾಫಿಗೆ ಹೊರತು ಹೊತ್ತಿಸಿರಲಿಲ್ಲ. ಹಾನಗಲ್ಲಿನ ಆಚೆಯ ಅದೇ ಕೆರೆಯ ಮೇಲೆ ಆ ರಾತ್ರಿ ತಂಗಿದಾಗ, "ಇವೊತ್ತು ನಿನಗೆ ಬೇಕಾದ ಅಡುಗೆ ಮಾಡಿಕೋ" ಎಂದೆನು. ಬೇಡವೆಂದನು. ನಾನು ಹಟ ಮಾಡಿದೆನು. ಅವನು ಗಾಳಿ ಯಾವ ಕಡೆಗೆ ಬೀಸುತ್ತಿದೆಯೆಂದು ನೋಡಿ, ಒಲೆಯನ್ನು ಏರಿಯ ತಗ್ಗಿಗೆ ಒಯ್ದು ಹಚ್ಚಿದನು. "ಇಲ್ಲಿಯೇ ಇಡು" ಎಂದೆನು. ವಾಸನೆ ಬಂದಿತು, ಬಂದಿಲ್ಲವೆಂದು ಬರೆದರೆ ವಾಚಕರು ನಂಬರು. ನಾನು ಉಪ್ಪಿನಕಾಯಿಯ ಭರಣಿಯನ್ನು ತೆಗೆದು ಅವನ ತಟ್ಟೆಗೆ ಎರಡು ಮಿಡಿಗಳನ್ನು ಹಾಕಿದೆನು. ಬೇಯಿಸಿದ ಮೀನಿಗೆ ಅಪ್ಪೆಮಿಡಿ ಒಪ್ಪುತ್ತದೆಂದು ಅವನು ಹೇಳಿದನು. ಅವನ ಮಾತನ್ನೇ ನಂಬಬೇಕು. ನನಗೆ ಪರೀಕ್ಷಿಸುವ ಮಾರ್ಗವಿಲ್ಲ.

ಬೆಳುದಿಂಗಳಿದ್ದಿತು. ಊಟವಾದ ಮೇಲೆ ಹರಿಗೋಲಿನಲ್ಲಿ ಕುಳಿತೆವು. ಈ ಸಲ ನಾನೇ ಕಾಲೆತ್ತಿ ಒಳಗಿಟ್ಟೆನು. ಕೆರೆಯ ನಡುವೆ ಅವನು ಹುಟ್ಟನ್ನು ನನ್ನ ಕೈಗೆ ಕೊಟ್ಟನು. ನಾನು ನಾಲ್ಕು ಸಲ ಎಳೆದೆನು. ಏರಿ, ತೂಬು, ಕೋಡಿ, ಊರಿನ ದೀಪಗಳು, ಚಂದ್ರ, ಮತ್ತೆ ಏರಿ ಎಲ್ಲವೂ ನಮ್ಮ ಸುತ್ತ ಪ್ರದಕ್ಷಿಣೆ ಬಂದವು. "ಪಕ್ಕದ ನೀರನ್ನಲ್ಲ ಮೇಷ್ಟ್ರೇ, ಮುಂದಿನ ನೀರನ್ನು ಎಳೆಯಿರಿ" ಎಂದನು ಅವನು. ಮತ್ತೆ ಎಳೆದೆನು, ಮತ್ತೆ ತಿರುಗಿದೆವು. ಅವನು ಗಟ್ಟಿಯಾಗಿ ನಕ್ಕನು. ಮೂವತ್ತು ವರ್ಷದಲ್ಲಿ ನನ್ನ ಎದುರಿಗೆ ಅವನು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಹತ್ತನೆಯ ಸಲವೋ ಹನ್ನೆರಡನೆಯ ಸಲವೋ ಹರಿಗೋಲು ಒಂದು ಮಾರಿನಷ್ಟು ನೇರವಾಗಿ ಮುಂದಕ್ಕೆ ಹೋಯಿತು.

ಮನೆಗೆ ಬಂದಾಗ ನನ್ನಾಕೆ ಶಾಲನ್ನು ಬೆರಳ ತುದಿಯಲ್ಲಿ ಹಿಡಿದೊಯ್ದು ಬಿಸಿನೀರಿನಲ್ಲಿ ನೆನೆಹಾಕಿದಳು. ನಾನು ಪಂಚಾಂಗಗಳನ್ನು ಸರಿಸಿ ಮೇಘದೂತವನ್ನು ಹೊರತೆಗೆದು, ಹಂಸಗಳು ಬರುವ ಪದ್ಯದ ಅಂಚಿನಲ್ಲಿ ನನ್ನ ಶಿಷ್ಯನ ತಂದೆಯ ಹೆಸರನ್ನೂ, ಬೂದಿಯ ಮೈ, ತಲೆಯಲ್ಲಿ ಎರಡು ಗೀರು ಎಂಬುದನ್ನೂ ಬರೆದೆನು. ಮರುದಿನ ಅವನು ಹೊಸ ಅರ್ಜಿಯನ್ನು ಹಿಡಿದು ಬಂದನು. ಜಗಲಿಯ ಅಂಚಿನಲ್ಲಿ ಕುಳಿತುಕೊಳ್ಳಹೋದವನನ್ನು ಒಳಗೆ ಕರೆದು ಮಣೆ ಹಾಕಿಸಿದೆನು. ಅವನು ಒಂದು ಗಳಿಗೆ ನಿಂತನು. ಆಮೇಲೆ ಬಂದು ಕುಳಿತನು. ಹಕ್ಕಿಗಳು ಉತ್ತರಕ್ಕೆ ಹೊರಡುವುದಕ್ಕೆ ಮುಂಚೆ, ಮಾಘದಲ್ಲಿ, ಇನ್ನೊಮ್ಮೆ ಹೋಗಿಬರುವುದೆಂದು ಮಾತಾಯಿತು. ಕಾಫಿ ತಂದ ನನ್ನಾಕೆ ಲೋಟಗಳನ್ನಿಟ್ಟು ಅಲ್ಲಿಯೇ ನಿಂತಿದ್ದು, ಅವನ ಕಡೆಗೆ ತಿರುಗಿ ಕೇಳಿದಳು:

"ಏನಪ್ಪಾ, ನಿನ್ನ ಗಾಡಿಯ ಆ ಹಲಗೆಯ ಮಂಚ ಎಷ್ಟು ಅಗಲವಿದೆ?"